ಮೂರನೇ ಚೀಲ

ನನ್ನ ಗಂಡ ತೆರಿಗೆ ಕಚೇರಿಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದರು. ಹನ್ನೆರಡು ವರ್ಷವೂ ತಾತ್ಕಾಲಿಕ. ಸತ್ತದ್ದೊಂದೇ ಕಾಯಂ.

ಅವರು ಕುಡಿಯುತ್ತಿರಲಿಲ್ಲ. ಲಂಚ ಮುಟ್ಟಿದವರಲ್ಲ. ಕಚೇರಿಯ ಗುಂಡುಸೂಜಿಯೊಂದು ಅಂಗಿಗೆ ಸಿಕ್ಕಿಕೊಂಡು ಮನೆಗೆ ಬಂದರೆ ಮಾರನೆಯ ದಿನ ಅದನ್ನು ಕಾಗದಕ್ಕೆ ಚುಚ್ಚಿ ವಾಪಸು ಒಯ್ಯುತ್ತಿದ್ದರು. ಇಂಥ ಮನುಷ್ಯ ತಿಂದು ಸತ್ತರು. ಬಡಿಸಿದವಳು ನಾನು. ಅವರ ವಿಷಯ ಬರೆಯಬೇಕಾದರೆ ಅಲ್ಲಿಂದಲೇ ಶುರು ಮಾಡಬೇಕು. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ಆ ತೆರಿಗೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸಕ್ಕರೆ, ಉಪ್ಪು, ಎಣ್ಣೆ ಜಾಸ್ತಿ ಇರುವ ಅಂಗಡಿ ತಿಂಡಿಗಳ ಮೇಲೆ ಸರ್ಕಾರ ಹೊಸ ತೆರಿಗೆ ಹಾಕಿತು. ಬಿಸ್ಕತ್ತು, ಚಿಪ್ಸು, ಕ್ರೀಮ್ ಬನ್ನು, ಬಾಟಲಿಯ ಬಣ್ಣದ ನೀರು, ಎಲ್ಲದಕ್ಕೂ. ಜನ ಇವನ್ನೆಲ್ಲ ಕಡಿಮೆ ತಿನ್ನಲಿ, ತಿಂದವರ ದುಡ್ಡಿನಲ್ಲಿ ದೊಡ್ಡಾಸ್ಪತ್ರೆ ನಡೆಯಲಿ ಅಂತ. ಊರು ಕಡಿಮೆ ತಿಂದಿತೋ ಇಲ್ಲವೋ ನಾನು ಕಾಣೆ. ನಮ್ಮ ಮನೆ ಮಾತ್ರ ತೆರಿಗೆ ಬಂದ ಮೇಲೇ ತಿನ್ನಲು ಕಲಿತದ್ದು.

ಯಾವ ತಿಂಡಿಗೆ ಎಷ್ಟು ತೆರಿಗೆ ಎಂದು ಗೊತ್ತಾಗಬೇಕಾದರೆ ಅದರಲ್ಲಿ ಏನಿದೆ ಎಂದು ಪರೀಕ್ಷೆ ಆಗಬೇಕು. ಅದಕ್ಕೆ ಮಾದರಿ ತರುವುದು ನನ್ನ ಗಂಡನ ಕೆಲಸ. ಅಂಗಡಿಗೆ ಹೋಗಿ ಒಂದೇ ತಿಂಡಿಯ ಮೂರು ಪಾಲು ಕೊಳ್ಳುವರು. ಮೂರನ್ನೂ ಮೂರು ಬಿಳಿ ಬಟ್ಟೆಯ ಚೀಲಗಳಿಗೆ ಹಾಕಿ, ದಾರ ಬಿಗಿದು, ಗಂಟಿನ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುವರು. ಒಂದು ಚೀಲ ಪ್ರಯೋಗಾಲಯಕ್ಕೆ. ಒಂದು ಅಂಗಡಿಯವನಿಗೆ. ಮೂರನೆಯದು ಕಚೇರಿಯ ಬೀರುವಿಗೆ. ಅಂಗಡಿಯವನು ತಕರಾರು ತೆಗೆದರೆ ಆ ಮೂರನೆಯ ಚೀಲ ಒಡೆದು ಮತ್ತೆ ಪರೀಕ್ಷೆ. ಮೂವತ್ತು ದಿನ ತಕರಾರು ಬರದಿದ್ದರೆ ಅದನ್ನು ನಾಶ ಮಾಡಬೇಕು. ಬೇಗ ಕೆಡುವ ಬನ್ನು ಗಿನ್ನಿಗೆ ಮೂರೇ ದಿನ.

ಚೀಲ ಹೊಲಿದು ಕೊಡುತ್ತಿದ್ದವಳು ನಾನು. ಮನೆಯಲ್ಲಿ ಹೊಲಿಗೆ ಯಂತ್ರ ಇತ್ತು, ಈಗಲೂ ಇದೆ. ಕಚೇರಿಯಿಂದ ಬಿಳಿ ಬಟ್ಟೆಯ ಥಾನು ಬರುತ್ತಿತ್ತು. ನಾನು ಹೊಲಿದ ಚೀಲದಲ್ಲಿ ಊರಿನ ಬಿಸ್ಕತ್ತೆಲ್ಲ ಸರ್ಕಾರದ ವಶವಾಗುತ್ತಿದೆ ಎಂದು ಆಗ ನನಗೆ ಸ್ವಲ್ಪ ಜಂಬವೇ ಇತ್ತು.

ನಾಶ ಮಾಡುವುದಕ್ಕೆ ನಿಯಮ ಇತ್ತು. ಗುಂಡಿ ತೋಡಬೇಕು. ಮಾಲು ಸುರಿದು ಅರ್ಧ ಲೀಟರ್ ಸೀಮೆಎಣ್ಣೆ ಹಾಕಿ ಸುಡಬೇಕು. ಮೇಲೆ ಮಣ್ಣು ಮುಚ್ಚಬೇಕು. ಅದೇ ದಿನದ ತಾರೀಖು ಹಾಕಿ ರಿಜಿಸ್ಟರಿನಲ್ಲಿ 'ನಾಶಪಡಿಸಲಾಗಿದೆ' ಎಂದು ಬರೆದು ಸಹಿ ಮಾಡಬೇಕು. ಕಚೇರಿಯ ಹಿಂದೆ ಗುಂಡಿಗೆ ಜಾಗ ಇತ್ತು. ಆಮೇಲೆ ಅಲ್ಲಿ ಸಾಹೇಬರ ಜೀಪಿಗೆ ಶೆಡ್ಡು ಹಾಕಿ ನೆಲಕ್ಕೆ ಸಿಮೆಂಟು ಬಳಿದರು. ಎಲ್ಲಿ ಸುಡಲಿ ಎಂದು ಕೇಳಿದ್ದಕ್ಕೆ ಸಾಹೇಬರು, ಎಲ್ಲಾದರೂ ಮಾಡಿ ಮಾರಾಯರೇ ಎಂದರಂತೆ. ನಮ್ಮ ಎರಡು ಕೋಣೆಯ ಹಿಂದೆ ಒಂದು ಹಿತ್ತಿಲಿತ್ತು. ಮಂಗಳವಾರ ಮತ್ತು ಶುಕ್ರವಾರ ಚೀಲಗಳು ನಮ್ಮ ಮನೆಗೆ ಬರತೊಡಗಿದವು.

ಮೊದಲ ಮಂಗಳವಾರ ಸಂಜೆ ಅವರು ಮೊಣಕಾಲುದ್ದ ಗುಂಡಿ ತೋಡಿದರು. ಮುದ್ರೆ ಒಡೆದರು. ಕ್ರೀಮ್ ಬಿಸ್ಕತ್ತು, ಮೂರು ತರದ ಚಿಪ್ಸು, ಒಂದು ಡಬ್ಬಿ ಚಾಕಲೇಟು. ಸೀಮೆಎಣ್ಣೆ ಡಬ್ಬ ಕೈಯಲ್ಲಿ ಹಿಡಿದು ನಿಂತರು. ನಾನು ಒಂದು ಅಂಗಿಯ ತೋಳು ಕೂಡಿಸಿ ಹೊರಗೆ ಬಂದಾಗಲೂ ಹಾಗೇ ನಿಂತಿದ್ದರು.

ಅವರ ತಾಯಿ ಬೇರೆಯವರ ಮನೆಯಲ್ಲಿ ಪಾತ್ರೆ ತಿಕ್ಕಿ, ಅವರು ಬಿಟ್ಟದ್ದನ್ನು ಸೆರಗಿನಲ್ಲಿ ತಂದು ಇವರನ್ನೂ ಇವರ ತಂಗಿಯನ್ನೂ ಸಾಕಿದವಳು. ನಮ್ಮ ಮನೆಯಲ್ಲಿ ನೆಲಕ್ಕೆ ಬಿದ್ದ ಅಗುಳೂ ಹಾಳಾದದ್ದಿಲ್ಲ.

"ತಿನ್ನೋ ವಸ್ತು ಮೇಲೆ ಸೀಮೆಎಣ್ಣೆ ಹಾಕಕ್ಕೆ ಕೈ ಬರ್ತಿಲ್ಲ ಕಣೆ" ಎಂದರು.

ಆಗ ಈ ಬುದ್ಧಿವಂತೆ ಬಾಯಿ ತೆಗೆದಳು. "ನಾಶ ಅಂದ್ರೆ ಇಲ್ಲದಂಗೆ ಮಾಡೋದು ತಾನೇ? ತಿಂದ್ರೂ ಇಲ್ಲದಂಗೇ ಆಗುತ್ತಲ್ರೀ."

ಹಾಸ್ಯಕ್ಕೆ ಹೇಳಿದ್ದು. ಅವರು ಹಾಸ್ಯವಾಗಿ ತೆಗೆದುಕೊಳ್ಳಲಿಲ್ಲ. ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಜಡ್ಜಿಯ ಹಾಗೆ ಯೋಚನೆ ಮಾಡಿದರು. ಕೊನೆಗೆ ತೀರ್ಪು ಕೊಟ್ಟರು.

"ಬೇರೆಯವರಿಗೆ ಕೊಟ್ರೆ ಕಳ್ಳತನ. ಮಾರಿದ್ರೆ ಇನ್ನೂ ದೊಡ್ಡ ಕಳ್ಳತನ. ನಾಳೆಗೆ ಎತ್ತಿಟ್ರೆ ರಿಜಿಸ್ಟರಿನಲ್ಲಿ ಸುಳ್ಳು ತಾರೀಖು ಬರೆದಂಗೆ. ಇವತ್ತೇ, ಇಲ್ಲೇ, ಪೂರ್ತಿ ಮುಗೀಬೇಕು."

ನೋಡಿ, ನಮ್ಮನ್ನು ಮುಳುಗಿಸಿದ್ದು ಅವರ ಪ್ರಾಮಾಣಿಕತೆ. ಕಳ್ಳನಾಗಿದ್ದರೆ ದಿನಕ್ಕೆ ಎರಡು ಬಿಸ್ಕತ್ತು ತಿಂದು ವಾರವಿಡೀ ಬಾಳಿಸುತ್ತಿದ್ದ. ಇವರು ದೀಪ ಹಚ್ಚುವ ಹೊತ್ತಿಗೆ ಕೂತರೆ ಮಲಗುವುದರೊಳಗೆ ಇಡೀ ಚೀಲ ಖಾಲಿ ಮಾಡಬೇಕು. ತುಂಡೂ ಉಳಿಯಬಾರದು. ಉಳಿದರೆ ಸರ್ಕಾರಕ್ಕೆ ಮೋಸ. ಒಂದೊಂದು ಶುಕ್ರವಾರ ಕಣ್ಣಲ್ಲಿ ನೀರು ಬರುತ್ತಿದ್ದರೂ ತಿನ್ನುತ್ತಿದ್ದರು. ನಾನು ಎದುರಿಗೆ ಕೂತು ನನ್ನ ಪಾಲಿನ ಕರ್ತವ್ಯ ಮಾಡುತ್ತಿದ್ದೆ. ಹೆಂಡತಿ ಬೇರೆಯವಳಲ್ಲ ಎಂದು ಅದಕ್ಕೂ ಅವರದೇ ತೀರ್ಪು ಇತ್ತು.

ಸೀಮೆಎಣ್ಣೆ ಏನಾಯಿತು ಅಂತ ಕೇಳಿ. ಒಣಗಿದ ಬನ್ನನ್ನು ಬಿಸಿ ಮಾಡಲು ಸ್ಟವ್‌ಗೆ ಹಾಕಿದೆ. ಎಣ್ಣೆಯೂ ನಾಶದ ಕೆಲಸಕ್ಕೇ ಹೋಯಿತಲ್ಲ ಎಂದು ಅವರೂ ಒಪ್ಪಿದರು. ಸುಡಲು ಕೊಟ್ಟ ಎಣ್ಣೆಯಲ್ಲಿ ಬೆಚ್ಚಗೆ ಮಾಡಿಕೊಂಡು ತಿಂದವರು ಈ ಲೋಕದಲ್ಲಿ ನಾವಿಬ್ಬರೇ ಇರಬೇಕು.

ನನ್ನ ನಾದಿನಿ ಅದೇ ಹಿತ್ತಿಲಿನ ಆಚೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ. ಒಂದು ಸಂಜೆ ವಾಸನೆ ಹಿಡಿದು ಬಂದು ಒಂದು ಬಿಸ್ಕತ್ತು ಕೇಳಿದಳು. ಅಣ್ಣ ಕೊಡಲಿಲ್ಲ. ಒಡಹುಟ್ಟಿದವಳಾದರೂ ಬೇರೆ ಮನೆ, ಕೊಟ್ಟರೆ ಕಳ್ಳತನ ಎಂದರು. ಅವಳು ಬಾಗಿಲಲ್ಲೇ ನಿಂತು ನನ್ನ ಹೊಟ್ಟೆಯ ಕಡೆ ನೋಡಿ, "ಅತ್ತಿಗೆ, ಗುಂಡಿ ಯಾಕೆ ತೋಡಿಸಿದ್ರಿ, ನಿಮ್ಮ ಮನೇಲಿ ಎರಡು ಮೊದಲೇ ಇದ್ವಲ್ಲ" ಎಂದಳು. ಆಮೇಲೆ ಪ್ರತಿ ಮಂಗಳವಾರ ಅವಳ ಕೋಣೆಯಿಂದ, ಬೇಲಿಯೇ ಎದ್ದು ಹೊಲ ಮೇಯ್ತಂತೆ ಎಂಬ ಮಾತು ನಮಗೆ ಕೇಳುವಷ್ಟು ಗಟ್ಟಿಯಾಗಿ ಬರುತ್ತಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಅಳುತ್ತಾರೆ. ನಮ್ಮಲ್ಲಿ ಕೈಗೆ ಬಂದದ್ದೆಲ್ಲ ಬಾಯಿಗೇ ಬಂತು. ಹೀಗೆ ಏಳು ವರ್ಷ.

ಅಂಗಡಿಯವರು ಅವರನ್ನು ಬೈಯುತ್ತಿದ್ದರು. ನಮ್ಮ ಹೊಟ್ಟೆ ಮೇಲೆ ಹೊಡೀತೀಯ ಎಂದು ಬೇಕರಿಯವನು ಒಮ್ಮೆ ಅವರ ಮುದ್ರೆಯನ್ನೇ ಚರಂಡಿಗೆ ಎಸೆದಿದ್ದ. ಇವರು ಚರಂಡಿಗೆ ಕೈ ಹಾಕಿ ತೆಗೆದು, ತೊಳೆದು, ಅದೇ ಅಂಗಡಿಯ ಬನ್ನಿಗೆ ಒತ್ತಿ ಬಂದರು. ಹೊಸ ತೆರಿಗೆ ಒಳ್ಳೆಯದು ಎಂದು ಅವರಿಗೆ ಮನಸಾರೆ ನಂಬಿಕೆ ಇತ್ತು. ದೊಡ್ಡಾಸ್ಪತ್ರೆಗೆ ಹೊಸ ಕಟ್ಟಡ ಏಳುವಾಗ ಭಾನುವಾರ ನನ್ನನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಇಗೋ ಈ ಗೋಡೆ ಚಿಪ್ಸಿನದು, ಆ ಕಿಟಕಿಗಳೆಲ್ಲ ಬಣ್ಣದ ನೀರಿನವು ಎನ್ನುತ್ತಿದ್ದರು. ಮಗುವಿಗೆ ತೋರಿಸಿದ ಹಾಗೆ. ನಮಗೆ ಮಕ್ಕಳಿರಲಿಲ್ಲ.

ಕಾಯಿಲೆ ಮೊದಲು ಗೊತ್ತಾದದ್ದು ನನ್ನ ಅಳತೆ ಟೇಪಿಗೆ. ಆರು ವರ್ಷ ಅವರ ಪ್ಯಾಂಟಿನ ಸೊಂಟ ಬಿಚ್ಚಿ ಬಿಚ್ಚಿ ದೊಡ್ಡದು ಮಾಡಿದ್ದೆ. ಏಳನೆಯ ವರ್ಷ ಹಿಡಿದು ಚಿಕ್ಕದು ಮಾಡಬೇಕಾಯಿತು. ನಾಲ್ಕು ತಿಂಗಳಲ್ಲಿ ಎರಡು ಸಲ. ಒಳ್ಳೆಯದಾಯಿತು, ಇಳಿದರಲ್ಲ ಎಂದುಕೊಂಡೆ. ದರ್ಜಿಗೆ ಬಟ್ಟೆ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಕಂಡದ್ದು ನಾದಿನಿಗೆ. ಬಚ್ಚಲು ಎರಡು ಮನೆಗೂ ಒಂದೇ. ಅವಳು ಬೆಳಿಗ್ಗೆ ಬಕೆಟ್ಟು ಹಿಡಿದು ಬಂದು, "ಅತ್ತಿಗೆ, ಅಣ್ಣ ಹೋಗಿಬಂದ ಕಡೆಯೆಲ್ಲ ಇರುವೆ ಸಾಲು ಹಿಡಿದಿದೆ, ನೋಡಿದ್ರಾ?" ಎಂದಳು. ಮೂತ್ರದಲ್ಲಿ ಸಕ್ಕರೆ ಹೋಗುತ್ತಿದೆ ಎಂಬ ಅದರ ಅರ್ಥ ಆಸ್ಪತ್ರೆಯಲ್ಲಿ ಒಗೆಯುವವಳಿಗೆ ಗೊತ್ತಿತ್ತು.

ಹೊಸ ಕಟ್ಟಡಕ್ಕೇ ಹೋದೆವು. ಚೀಟಿಗೆ ದುಡ್ಡಿಲ್ಲ, ರಕ್ತ ಪರೀಕ್ಷೆಗೆ ದುಡ್ಡಿಲ್ಲ, ಮಾತ್ರೆಗೂ ದುಡ್ಡಿಲ್ಲ. ತಿಂಡಿ ತೆರಿಗೆಯಿಂದ ಎಂದು ಬಾಗಿಲ ಮೇಲೆ ಬರೆದಿತ್ತು. ಬೆಂಚಿನ ಮೇಲೆ ಕೂತು ಅವರು ಅದನ್ನು ನನಗೆ ಓದಿ ಹೇಳಿದರು. ಪಕ್ಕದವನಿಗೂ ಹೇಳಿದರು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು, ಆದರೂ ಹೇಳಿದರು.

ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಸಕ್ಕರೆ ಕಾಯಿಲೆ, ಬಹಳ ಏರಿದೆ ಎಂದರು. ಆಮೇಲೆ ಪೆನ್ನು ಎತ್ತಿಕೊಂಡು, ಏನು ತಿನ್ನುತ್ತೀರಿ ಎಂದು ಕೇಳಿದರು.

ಇವರು ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳನ ಹಾಗೆ ಒಮ್ಮೆ ನನ್ನನ್ನು ನೋಡಿದರು. ಗಂಜಿ ಎಂದರು. ಸೊಪ್ಪು ಎಂದರು.

"ಸಿಹಿ? ಬೇಕರಿ ತಿಂಡಿ?"

"ಇಲ್ಲ ಡಾಕ್ಟ್ರೇ" ಎಂದು ಮತ್ತೆ ನನ್ನ ಕಡೆ ನೋಡಿದರು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಹೌದಾ ಅಮ್ಮಾ? ಮನೇಲಿ ಅಡುಗೆ ಮಾಡೋರು ನೀವು. ಗಂಜಿ ಸೊಪ್ಪಿಗೆ ಇಷ್ಟು ಏರುತ್ತಾ?"

"ಹೌದು, ಅಷ್ಟೇ ತಿನ್ನೋದು" ಎಂದೆ.

ಯಾಕೆ ಹೇಳಿದೆ? ಆ ವರ್ಷ ಕಚೇರಿಯಲ್ಲಿ ಕಾಯಂ ಮಾಡುವವರ ಪಟ್ಟಿ ಬರುವುದಿತ್ತು. ಇವರ ಹೆಸರು ಮೇಲಿನಿಂದ ಎರಡನೆಯದು. ಸರ್ಕಾರದ ಮಾದರಿ ತಿಂದಿದ್ದಾನೆ ಎಂದು ಒಂದು ಕಾಗದದಲ್ಲಿ ಬಂದರೆ ಪಟ್ಟಿಯೂ ಇಲ್ಲ, ಕೆಲಸವೂ ಇಲ್ಲ. ಐದು ತಿಂಗಳು ಬಾಯಿ ಮುಚ್ಚಿಕೊಂಡರೆ ಸಾಕಿತ್ತು. ಬಾಯಿ ಮುಚ್ಚುವುದು ನಮ್ಮಿಬ್ಬರಿಗೂ ಅಭ್ಯಾಸವಿಲ್ಲದ ಕೆಲಸ ಎನ್ನುವುದು ಬೇರೆ.

ಡಾಕ್ಟರಮ್ಮ ನಾವು ಹೇಳಿದ್ದನ್ನು ಬರೆದುಕೊಂಡರು. ಗಂಜಿ ತಿಂದೇ ಇಷ್ಟು ಏರುವ ಶರೀರಕ್ಕೆ ಎಷ್ಟು ಮಾತ್ರೆ ಬೇಕೋ ಅಷ್ಟು ಕೊಟ್ಟರು.

ಮನೆಗೆ ಬಂದು ನಾನು ಒಂದು ಉಪಾಯ ಮಾಡಿದೆ. ಇನ್ನು ಮೇಲೆ ಚೀಲ ಪೂರ್ತಿ ನಾನೇ ತಿನ್ನುತ್ತೇನೆ, ನೀವು ಮುಟ್ಟಬೇಡಿ ಎಂದೆ. ಒಂದು ಮಂಗಳವಾರ ತಿಂದೆ. ಬುಧವಾರವಿಡೀ ಬಚ್ಚಲಲ್ಲಿದ್ದೆ. ನಾದಿನಿ ಹೊರಗೆ ಬಕೆಟ್ಟು ಹಿಡಿದು ಕಾದು ಕಾದು, ಮಾಡಿದ್ದುಣ್ಣೋ ಮಹರಾಯ ಎಂದು ಹೋದಳು.

ಇನ್ನೊಂದು ಉಪಾಯ, ನಿಯಮದ ಪ್ರಕಾರ ಸುಟ್ಟೇ ಬಿಡುವುದು. ಅವರು ಚೀಲ ಇಟ್ಟು ರಿಜಿಸ್ಟರ್ ತರಲು ಮತ್ತೆ ಕಚೇರಿಗೆ ಹೋದ ಹೊತ್ತು ನೋಡಿ ಎಲ್ಲವನ್ನೂ ಗುಂಡಿಗೆ ಸುರಿದೆ. ಸೀಮೆಎಣ್ಣೆ ಡಬ್ಬ ಎತ್ತಿದರೆ ಹಗುರ. ಹಿಂದಿನ ವಾರದ ಬನ್ನು ಬಿಸಿ ಮಾಡಿ ಮುಗಿಸಿದ್ದವಳು ನಾನೇ. ಹೊಲಿಗೆಯ ಚೂರು ಬಟ್ಟೆ ಹಾಕಿ ಕಡ್ಡಿ ಗೀರಿದೆ. ಪ್ಲಾಸ್ಟಿಕ್ಕಿನ ಕಪ್ಪು ಹೊಗೆ ಎದ್ದು ನಾದಿನಿ ನಮ್ಮ ಮನೆಗೇ ಬೆಂಕಿ ಬಿತ್ತೆಂದು ಎರಡು ಬಕೆಟ್ಟು ನೀರು ತಂದು ಹೊಯ್ದಳು. ಅರ್ಧ ನನ್ನ ಮೇಲೆ.

ಅವರು ಬಂದು ನೋಡಿದರು. ಬೈಯಲಿಲ್ಲ. ಗುಂಡಿಯ ಪಕ್ಕ ಕೂತು ಒಂದೊಂದೇ ಪೊಟ್ಟಣ ಎತ್ತಿ ಬೂದಿ ಒರೆಸಿದರು. ಹೊರಗಿನ ಪ್ಲಾಸ್ಟಿಕ್ ಸುತ್ತು ಮಾತ್ರ ಸುಟ್ಟಿತ್ತು, ಒಳಗೆ ಬಿಸ್ಕತ್ತು ಗಟ್ಟಿಯಾಗಿಯೇ ಇದ್ದವು. ರಿಜಿಸ್ಟರಿನಲ್ಲಿ ತಾರೀಖು ಇವತ್ತಿನದು ಬಿದ್ದಾಯಿತು ಕಣೆ ಎಂದರು. ತಿನ್ನತೊಡಗಿದರು. ನಾನು ಒದ್ದೆ ಬಟ್ಟೆಯಲ್ಲೇ ಗುಂಡಿಯ ಈಚೆ ಕೂತು ಒಂದು ತೆಗೆದುಕೊಂಡೆ. ಅವರ ಹಲ್ಲು ಕಪ್ಪಗಾಗಿತ್ತು, ನನ್ನದೂ ಆಗಿದ್ದಿರಬೇಕು. ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಬುದ್ಧಿ ಇದ್ದವರು ಅಳುವ ಜಾಗ ಅದು.

ಮಾತ್ರೆಯಿಂದ ಸಕ್ಕರೆ ಇಳಿಯಲಿಲ್ಲ. ಡಾಕ್ಟರಮ್ಮ ಇಂಜೆಕ್ಷನ್ ಶುರು ಮಾಡಿದರು. ದಿನಾ ಎರಡು ಹೊತ್ತು ನಾನೇ ಹೊಟ್ಟೆಗೆ ಚುಚ್ಚುತ್ತಿದ್ದೆ. ಸೂಜಿ ಹಿಡಿದ ಕೈ, ಚೆನ್ನಾಗಿ ಚುಚ್ಚುತ್ತೀರಿ ಎಂದು ನರ್ಸು ಹೊಗಳಿದಳು.

ಆಗ ಹೊಸ ತೊಂದರೆ ಬಂತು. ಮಂಗಳವಾರ, ಶುಕ್ರವಾರ ಸಕ್ಕರೆ ಆಕಾಶಕ್ಕೆ ಏರುತ್ತಿತ್ತು. ಉಳಿದ ದಿನ ಅವರು ಪಾಪ ಮಾಡಿದವರಂತೆ ನಿಜವಾಗಿಯೂ ಬರೀ ಗಂಜಿ ಕುಡಿಯುತ್ತಿದ್ದರು. ಇಂಜೆಕ್ಷನ್ನಿಗೆ ವಾರ ಗೊತ್ತೇ? ಅದು ದಿನಾ ಒಂದೇ ಸಮ ಎಳೆಯುತ್ತಿತ್ತು. ಒಂದು ಗುರುವಾರ ಕಚೇರಿಯ ಮೆಟ್ಟಿಲ ಮೇಲೆ ಮೈಯೆಲ್ಲ ಬೆವೆತು, ಕೈ ನಡುಗಿ, ಬಿದ್ದರು. ಹುಬ್ಬು ಒಡೆಯಿತು. ಸಕ್ಕರೆ ಪಾತಾಳಕ್ಕೆ ಇಳಿದಿದೆ ಎಂದರು ಡಾಕ್ಟರಮ್ಮ. ಇನ್ನು ಮೇಲೆ ಜೇಬಿನಲ್ಲಿ ಯಾವಾಗಲೂ ಒಂದು ಚಾಕಲೇಟು ಇಟ್ಟುಕೊಳ್ಳಿ, ತಲೆ ತಿರುಗಿದರೆ ಬಾಯಿಗೆ ಹಾಕಿಕೊಳ್ಳಿ ಎಂದು ಹೇಳಿದರು.

ನಾವಿಬ್ಬರೂ ನೆಲ ನೋಡಿದೆವು.

ಬರುವಾಗ ಅಂಗಡಿಯಲ್ಲಿ ಚಾಕಲೇಟು ಕೊಂಡರು. ಏಳು ವರ್ಷದಲ್ಲಿ ಅವರು ತಮ್ಮ ಕೈಯಿಂದ ದುಡ್ಡು ಕೊಟ್ಟು, ತೆರಿಗೆ ಕಟ್ಟಿ ಕೊಂಡ ಮೊದಲ ಸಿಹಿ ಅದು. ರಸೀದಿ ಕೇಳಿ ಇಸಿದುಕೊಂಡರು.

ಎರಡನೆಯ ಸಲ ಬಿದ್ದದ್ದೂ ಗುರುವಾರವೇ, ಮನೆಯಲ್ಲಿ. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಕಣ್ಣು ಅರ್ಧ ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ. ನಾದಿನಿ ಮತ್ತು ನಾನು ಅವರನ್ನು ಆಟೋಗೆ ಎತ್ತಿ ಹಾಕಿದೆವು. ವಾರ್ಡಿನಲ್ಲಿ ಗ್ಲೂಕೋಸು ಏರಿಸಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಮಾತು ಬಂತು.

ಡಾಕ್ಟರಮ್ಮ ಫೈಲು ಹಿಡಿದುಕೊಂಡು ಮಂಚದ ಪಕ್ಕ ನಿಂತರು. ಅವರಿಗೆ ಲೆಕ್ಕ ಹತ್ತುತ್ತಿರಲಿಲ್ಲ. ಒಂದು ದಿನ ನೆಲ ಕಚ್ಚುತ್ತದೆ, ಆದರೆ ಮೂರು ತಿಂಗಳ ಸರಾಸರಿ ನೋಡಿದರೆ ಇಳಿದೇ ಇಲ್ಲ, ಕಾಲಿನ ಹುಣ್ಣೂ ಮಾಯುತ್ತಿಲ್ಲ ಎಂದರು. ಇದೇನು ಶರೀರವೋ ನನಗೆ ಅರ್ಥ ಆಗುತ್ತಿಲ್ಲ ಎಂದರು. ಊಟದಲ್ಲಂತೂ ತಪ್ಪಿಲ್ಲ, ಹಾಗಾದರೆ ಇಂಜೆಕ್ಷನ್ ಇನ್ನೂ ಸ್ವಲ್ಪ ಏರಿಸಿ ನೋಡಬೇಕು ಎಂದು ಪೆನ್ನು ತೆಗೆದರು.

ನಾಲ್ಕನೇ ಕ್ಲಾಸಿನಲ್ಲಿ ಅಷ್ಟು ಲೆಕ್ಕ ಕಲಿಸುತ್ತಾರೆ. ಇಂಜೆಕ್ಷನ್ ಏರಿದರೆ ಮುಂದಿನ ಗುರುವಾರ ಇವರು ಏಳುವುದಿಲ್ಲ. ಪಟ್ಟಿಗೆ ಇನ್ನೂ ಆರು ವಾರ ಇತ್ತು. ಆರು ಗುರುವಾರ.

"ಬರೀಬೇಡಿ ಡಾಕ್ಟ್ರೇ" ಎಂದೆ.

ಮಂಚದಿಂದ ಅವರು, "ಏ, ಸುಮ್ನಿರು" ಎಂದರು.

ಬಿಸಿ ತುಪ್ಪ ಗಂಟಲಲ್ಲಿ ಮೂರೂವರೆ ತಿಂಗಳು ಇಟ್ಟುಕೊಂಡಿದ್ದೆ. ಉಗುಳಿದೆ. ಮೂರನೆಯ ಚೀಲ, ಮಂಗಳವಾರ, ಶುಕ್ರವಾರ, ಗುಂಡಿ, ಸ್ಟವ್, ಎಲ್ಲ. ಬಿಸ್ಕತ್ತು ಎಷ್ಟು, ಬನ್ನು ಎಷ್ಟು, ಬಾಟಲಿ ಎಷ್ಟು. ಅಕ್ಕಪಕ್ಕದ ಮಂಚದವರು ಎದ್ದು ಕೂತರು. ಡಾಕ್ಟರಮ್ಮ ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದರು.

"ಮೊದಲೇ ಯಾಕೆ ಹೇಳಲಿಲ್ಲ ಅಮ್ಮಾ? ನಾನು ಕೊಟ್ಟ ಔಷಧಿ ಇವರನ್ನು ಕೊಂದುಬಿಡ್ತಿತ್ತಲ್ಲ."

"ಕೆಲಸ ಕಾಯಂ ಆಗಬೇಕಿತ್ತು" ಎಂದೆ. ಹೇಳಿದ ಮೇಲೆ ಆ ಮಾತು ನನಗೇ ಕೇಳಿಸಿತು.

ಅವರು ಗೋಡೆ ಕಡೆ ತಿರುಗಿ ಮಲಗಿದರು. ಐದು ದಿನ ಆಸ್ಪತ್ರೆಯಲ್ಲಿದ್ದರು, ಐದು ದಿನವೂ ನನ್ನ ಹತ್ತಿರ ಮಾತಾಡಲಿಲ್ಲ. ನೀರು ಬೇಕಾದರೆ ಲೋಟ ತೋರಿಸುತ್ತಿದ್ದರು. ಆರನೆಯ ದಿನ ಮನೆಗೆ ಬಂದು, ಅಂಗಿ ಹಾಕಿಕೊಂಡು, ಮೊದಲ ಮಾತಾಡಿದರು.

"ಆಸ್ಪತ್ರೆ ನಡೆಯೋದೇ ನಮ್ಮ ಕಚೇರಿ ತೆರಿಗೆಯಿಂದ. ಆ ಫೈಲು ಕಚೇರಿಗೆ ಬರದೇ ಇರುತ್ತಾ? ಅದು ಬರೋಕೆ ಮುಂಚೆ ನಾನೇ ಹೋಗಿ ಹೇಳ್ತೀನಿ."

ಸರ್ಕಾರದ ಫೈಲುಗಳೆಲ್ಲ ಒಂದಕ್ಕೊಂದು ನೆಂಟರು ಎಂದು ಅವರು ನಂಬಿದ್ದರು. ನಾನೂ ನಂಬಿದೆ. ತಡೆಯಲಿಲ್ಲ. ಜೊತೆಗೆ ಹೋಗಿ ಅವರು ಬಿದ್ದಿದ್ದ ಮೆಟ್ಟಿಲ ಮೇಲೆ ಕೂತೆ.

ಒಳಗೆ ಆದದ್ದನ್ನು ಆಮೇಲೆ ಅವರೇ ಹೇಳಿದರು. ಸಾಹೇಬರು ಕೂಗಾಡಲಿಲ್ಲವಂತೆ. ಎಷ್ಟು ವರ್ಷದಿಂದ ಎಂದು ಕೇಳಿದರಂತೆ. ಏಳು ಎಂದಾಗ ಎರಡೂ ಕೈಯಿಂದ ಮುಖ ಉಜ್ಜಿಕೊಂಡರಂತೆ. ಇದು ಕಾಗದಕ್ಕೆ ಬಂದರೆ ತೆರಿಗೆ ಕಟ್ಟಿದ ಪ್ರತಿಯೊಬ್ಬ ಅಂಗಡಿಯವನೂ ನನ್ನ ಮೂರನೇ ಚೀಲ ಎಲ್ಲಿ ಎಂದು ಬಂದು ನಿಲ್ಲುತ್ತಾನೆ, ಹಾಗಾಗಿ ಕಾಗದಕ್ಕೆ ಬರುವುದಿಲ್ಲ ಎಂದರಂತೆ. ಇವರು ಬದುಕಿದೆ ಎಂದುಕೊಂಡು ಏಳುವಾಗ ಸಾಹೇಬರು ಪಟ್ಟಿ ತೆಗೆದು ಎರಡನೆಯ ಹೆಸರಿನ ಮೇಲೆ ಗೆರೆ ಎಳೆದರು.

"ಬರೆದು ಶಿಕ್ಷೆ ಕೊಡೋಕೆ ಆಗಲ್ಲ. ಬರೀದೇ ಕೊಟ್ಟಿದ್ದೀನಿ. ಮುಂದಿನ ಪಟ್ಟಿಗೆ ನೋಡೋಣ."

ಮಾದರಿ ಕೆಲಸ ಬಿಡಿಸಿ ಟಪಾಲಿಗೆ ಹಾಕಿದರು. ಬಂದ ಕಾಗದಕ್ಕೆ ನಂಬರು ಹಚ್ಚುವುದು. ತಿನ್ನುವಂಥದ್ದು ಅಲ್ಲಿ ಏನೂ ಇರಲಿಲ್ಲ, ಗೋಂದು ಬಿಟ್ಟರೆ.

ಆಸ್ಪತ್ರೆಯ ಫೈಲು ಯಾವತ್ತೂ ಬರಲಿಲ್ಲ. ಟಪಾಲಿನಲ್ಲಿ ಕೂತು ಪ್ರತಿ ಲಕೋಟೆ ಒಡೆಯುತ್ತಿದ್ದವರು ಅವರೇ. ಒಂದು ವರ್ಷ ಕಾದರು. ಆ ಫೈಲು ವಾರ್ಡಿನ ಕಪಾಟಿನಿಂದ ಅಲ್ಲಾಡಿಯೇ ಇಲ್ಲ ಎಂದು ಕೊನೆಗೆ ನಾದಿನಿ ನೋಡಿ ಬಂದು ಹೇಳಿದಳು. ನಾವು ಹೆದರಿದ ಭೂತಕ್ಕೆ ಕಾಲೇ ಇರಲಿಲ್ಲ.

ಅದು ಗೊತ್ತಾದ ದಿನ ಅವರಿಗೆ ನನ್ನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆಗ ಗುರುವಾರಗಳು ಬೇರೆ ದಿನಗಳ ಹಾಗೇ ಆಗಿದ್ದವು. ಇಂಜೆಕ್ಷನ್ ಅರ್ಧಕ್ಕೆ ಇಳಿದಿತ್ತು. ಕಾಲಿನ ಹುಣ್ಣು ಮಾಯಿತು. ಸಂಜೆ ಹಿತ್ತಿಲಿನಲ್ಲಿ ಮೂರು ಜನ ಕೂತು ಉಣ್ಣುತ್ತಿದ್ದೆವು. ಸರ್ಕಾರದ್ದಲ್ಲದ ಊಟವಾದ್ದರಿಂದ ತಂಗಿಗೂ ಕೊಡಬಹುದಿತ್ತು. ಅಣ್ಣ ಕೈಯಾರೆ ಅವಳಿಗೆ ಬಡಿಸಿದ್ದು ಆ ವರ್ಷ.

ಹದಿನಾಲ್ಕು ತಿಂಗಳು ಹಾಗೆ ನಡೆಯಿತು. ಆದರೆ ಏಳು ವರ್ಷದ್ದು ಮೂತ್ರಪಿಂಡಕ್ಕೆ ಇಳಿದು ಕೂತಿತ್ತು. ಕಾಲು ಊದಿತು, ಮುಖ ಊದಿತು. ಮತ್ತೆ ಅದೇ ಕಟ್ಟಡ, ಅವರು ಬಣ್ಣದ ನೀರಿನದು ಎನ್ನುತ್ತಿದ್ದ ಕಿಟಕಿಯ ಪಕ್ಕದ ಮಂಚ. ರಕ್ತ ತೊಳೆಯುವ ಯಂತ್ರಕ್ಕೆ ವಾರಕ್ಕೆ ಎರಡು ಸಲ ಒಯ್ಯುತ್ತಿದ್ದರು. ಒಂದು ಮಧ್ಯಾಹ್ನ ಯಂತ್ರದಿಂದ ಬಂದು ಮಲಗಿದ್ದವರು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಅವತ್ತು ಮೊದಲನೇ ದಿನಾನೇ ಡಾಕ್ಟ್ರಿಗೆ ಹೇಳಿಬಿಡಬಾರದಿತ್ತೇನೇ?"

ನಾನು ಅವರ ಕಾಲಿನ ಮೇಲೆ ಹೊದಿಕೆ ಸರಿಮಾಡಿದೆ.

"ನೀವೇ ಗಂಜಿ ಅಂದ್ರಲ್ಲ" ಎಂದೆ.

"ನಾನು ಅಂದೆ. ನೀನು ಇಲ್ಲ ಅಂತೀಯ ಅಂತ ನಿನ್ನ ಕಡೆ ನೋಡಿದೆ. ನೀನೂ ಹೌದು ಅಂದುಬಿಟ್ಟೆ."

"ನಿಮಗೆ ಬಾಯಿರಲಿಲ್ವಾ?"

"ಇತ್ತು" ಎಂದರು. "ತುಂಬಿತ್ತು."

ನಗು ತಡೆಯಲಾಗಲಿಲ್ಲ. ಅವರಿಗೂ. ಆಚೆ ಮಂಚದ ಮುದುಕಿ, ಆಸ್ಪತ್ರೇಲಿ ಇದೇನು ನಗು, ನಾಚಿಕೆ ಇಲ್ವಾ ಎಂದು ಬೈದಳು. ಅವರ ಹೊಟ್ಟೆ ಅಲುಗಿ ನೋವಾಯಿತು, ಆದರೂ ನಕ್ಕರು. ನಗು ನಿಂತ ಮೇಲೆ ನಾನು ಅವರ ಕೈ ಹಿಡಿದುಕೊಂಡು ಕೂತೆ. ಮೊದಲ ದಿನ ಅವರು ನನ್ನ ಕಡೆ ನೋಡಿದ ನೋಟವನ್ನು ನಾನು ಸುಳ್ಳಿಗೆ ಸಾಥ್ ಕೊಡು ಎಂದು ಓದಿಕೊಂಡಿದ್ದೆ. ಹದಿನೆಂಟು ವರ್ಷ ಸಂಸಾರ ಮಾಡಿದವಳು.

ಅದಾದ ಹನ್ನೊಂದನೆಯ ದಿನ ಬೆಳಿಗ್ಗೆ ಹೋದರು. ಮೈ ಮೇಲಿದ್ದ ಬಟ್ಟೆ ನಾದಿನಿಯೇ ಒಗೆದದ್ದು. ಮೊದಲನೇ ದಿನ ಹೇಳಿದ್ದರೆ ಅಣ್ಣ ಇರುತ್ತಿದ್ದ ಎಂದು ಅವಳು ಅಳುತ್ತಾ ಹೇಳಿದಳು. ನಿಜ. ಎರಡನೆಯ ಸಲ ಬಿದ್ದಾಗಲೂ ಹೇಳದೇ ಇದ್ದಿದ್ದರೆ ಒಂದೂವರೆ ವರ್ಷ ಮೊದಲೇ ಹೋಗಿರುತ್ತಿದ್ದರು, ಅದೂ ನಿಜ. ಎರಡರ ನಡುವೆ ನಾನು ನಿಂತಿದ್ದೇನೆ. ಕೂರಲು ಅಲ್ಲಿ ಜಾಗವಿಲ್ಲ.

ಡಾಕ್ಟರಮ್ಮ ಸಾವಿನ ಕಾಗದ ತುಂಬಿದರು. ಕಾರಣ ಎಂದು ಬರೆದಲ್ಲಿ ಏನಿದೆ ಓದಿ ಹೇಳಿ ಎಂದೆ. ಮೂತ್ರಪಿಂಡದ ವೈಫಲ್ಯ ಎಂದು ಓದಿದರು. ಇನ್ನೇನಾದರೂ ಸೇರಿಸಬೇಕಾ ಅಮ್ಮಾ ಎಂದು ಕೇಳಿದರು. ಅವರು ಬೇರೆ ಹಳೆಯ ಕಾಯಿಲೆಯ ವಿಷಯ ಕೇಳಿದ್ದು. ಕಾಗದದಲ್ಲಿ ಉಳಿದದ್ದು ಒಂದೇ ಗೆರೆ. ನನ್ನ ಪಾಲು ಅದರಲ್ಲಿ ಹಿಡಿಸುವಂತಿರಲಿಲ್ಲ.

ಸಾಕು ಡಾಕ್ಟ್ರೇ ಎಂದೆ.